ಸತ್ಯಾಂಶ: ಪ್ಲೇಆಫ್ ಟೈ ಆದರೆ ಮೇಲಿನ ಸೀಡ್ ತಂಡವೇ ಗೆಲ್ಲುತ್ತಾ?

"ಫ್ಯಾಂಟಸಿ ಲೀಗ್ ಪ್ಲೇಆಫ್‌ನಲ್ಲಿ ಅಂಕ ಸಮವಾದರೆ ಯಾವಾಗಲೂ ಮೇಲಿನ ಸೀಡ್ ತಂಡಕ್ಕೇ ಗೆಲುವು" ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಫ್ಯಾಂಟಸಿ ಲೀಗ್ ಎಂದರೆ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಪಂದ್ಯಗಳಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ಅಂಕ ಪಡೆಯುವ ಆಟ. ಪ್ಲೇಆಫ್ ಅದರ ಕೊನೆಯ ನಾಕೌಟ್ ಹಂತ; ಸೀಡ್ ಎಂದರೆ ಆ ಹಂತಕ್ಕೆ ಬರುವಾಗ ತಂಡಕ್ಕಿರುವ ಶ್ರೇಯಾಂಕ. ಇದು ಅರ್ಧ ಮಾತ್ರ ನಿಜ.

ಎಲ್ಲ ಲೀಗ್‌ಗೂ ಒಂದೇ ನಿಯಮ ಇಲ್ಲ. ಆ ಲೀಗಿನ ಸೆಟ್ಟಿಂಗ್ಸ್‌ನಲ್ಲಿ ಏನಿದೆಯೋ ಅದೇ ಅಂತಿಮ. ಕೆಲವು ಕಡೆ ಸೀಡ್ ನೋಡುತ್ತಾರೆ. ಇನ್ನು ಕೆಲವು ಕಡೆ ಬೆಂಚಿನಲ್ಲಿರುವ, ಅಂದರೆ ತಂಡದಲ್ಲಿದ್ದರೂ ಆ ವಾರದ ಲೆಕ್ಕಕ್ಕೆ ಸೇರಿಸದ ಆಟಗಾರರ ಅಂಕ ಹೋಲಿಸುತ್ತಾರೆ. ಹಾಗಿದ್ದಾಗ ಆ ವಾರ ಆಡದವರನ್ನು ಸುಮ್ನೆ ಬೆಂಚಿನಲ್ಲಿ ಇಟ್ಟುಕೊಂಡ ತಂಡಕ್ಕೆ ನಷ್ಟ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಟೈ ಜಾಸ್ತಿ ಆಗುವುದು ಪೂರ್ಣ ಅಂಕ ಮಾತ್ರ ಕೊಡುವ ಲೀಗ್‌ಗಳಲ್ಲಿ. ಅಮೆರಿಕನ್ ಫುಟ್‌ಬಾಲ್ ಲೀಗ್‌ಗಳಲ್ಲಿ ಸಾಮಾನ್ಯವಾಗಿ 10 ಗಜದ ಓಟಕ್ಕೆ 1 ಅಂಕ. ದಶಮಾಂಶ ಇಲ್ಲದಿದ್ದರೆ 11 ಗಜ ಓಡಿದವರಿಗೂ 19 ಗಜ ಓಡಿದವರಿಗೂ ಅದೇ 1 ಅಂಕ. ಇದು ನ್ಯಾಯ ಅಲ್ಲ ಅಲ್ವಾ? ದಶಮಾಂಶ ಇದ್ದರೆ 1.1 ಮತ್ತು 1.9 ಆಗುತ್ತದೆ, ಟೈ ಅಪರೂಪವಾಗುತ್ತದೆ. ನನ್ನ ಪ್ರಕಾರ ಪ್ರತಿ ಲೀಗೂ ಇದನ್ನೇ ಆರಿಸಬೇಕು.

ಇನ್ನೊಂದು ವಿಷಯ. ಪಂದ್ಯ ಮುಗಿದ ಮೇಲೂ ಅಧಿಕೃತ ಅಂಕಿಅಂಶ ತಿದ್ದುಪಡಿ ಆಗುವುದುಂಟು. ಭಾನುವಾರ ಟೈ ಎಂದು ಕಂಡದ್ದು ಕೆಲವು ದಿನಗಳಲ್ಲಿ ಬದಲಾಗಬಹುದು.