ಎಪ್ಪತ್ತೈದು ಸಾವಿರ ಲೀಟರಿನ ಕಣ್ಣಾಮುಚ್ಚಾಲೆ

ಹವಾಯಿಯ ರೆಡ್ ಹಿಲ್ ಎಂಬಲ್ಲಿ ಅಮೆರಿಕ ನೌಕಾಪಡೆಯ ನೆಲದಡಿಯ ಇಂಧನ ಸಂಗ್ರಹಾಗಾರ ಸೋರಿದ ಪ್ರಕರಣದಲ್ಲಿ 17 ಮಂದಿಗೆ ಒಟ್ಟು 6,80,000 ಡಾಲರಿಗೂ ಮಿಕ್ಕಿ ಪರಿಹಾರ ಕೊಡಬೇಕೆಂದು 2025ರ ಮೇ ತಿಂಗಳಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಕುಡಿಯುವ ನೀರಿಗೆ ವಿಮಾನದ ಇಂಧನ ಸೇರಿದ್ದು ನಿಜ, ಅದಕ್ಕೆ ಹೊಣೆ ನಮ್ಮದೇ, ಆದರೆ ಕುಡಿದವರಿಗೆ ಹಾನಿಯಾಗುವಷ್ಟು ಸೇರಿರಲಿಲ್ಲ ಎಂಬುದು ಅಮೆರಿಕ ಸರ್ಕಾರದ ವಾದವಾಗಿತ್ತು. ನಮ್ಮ ಬೀದಿಯ ಹಾಲಿನವನಿಗೆ ಈ ವಾದ ಮೊದಲೇ ತಿಳಿದಿದ್ದರೆ, ನೀರು ಬೆರೆಸಿದ್ದು ಹೌದು, ನಿಮ್ಮ ಕಾಫಿ ಕೆಡುವಷ್ಟು ಬೆರೆಸಿಲ್ಲ ಎಂದು ಅವನೂ ಎದೆಯುಬ್ಬಿಸಿ ಹೇಳುತ್ತಿದ್ದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಡ್ಡದ ಹೊಟ್ಟೆ ಬಗೆದು, ಒಂದೊಂದೂ 250 ಅಡಿ ಎತ್ತರದ 20 ಟ್ಯಾಂಕುಗಳನ್ನು ಅದರೊಳಗೆ ಅಡಗಿಸಿಟ್ಟವರ ಜಾಣ್ಮೆಯನ್ನು ಮೆಚ್ಚಲೇಬೇಕು. ಶತ್ರುವಿನ ಬಾಂಬಿನಿಂದ ಎಣ್ಣೆಯನ್ನು ಕಾಪಾಡುವುದು ಹೇಗೆಂದು ಅವರು ಯೋಚಿಸಿದ್ದರು. ಟ್ಯಾಂಕುಗಳಿಂದ ಸುಮಾರು 100 ಅಡಿ ಕೆಳಗಿದ್ದ, ಹೊನೊಲುಲುವಿನ ಜನ ಕುಡಿಯುವ ಅಂತರ್ಜಲವನ್ನು ಎಣ್ಣೆಯಿಂದ ಕಾಪಾಡುವ ಯೋಚನೆಯನ್ನು ಬಹುಶಃ ಮುಂದಿನ ಯುದ್ಧಕ್ಕೆಂದು ಉಳಿಸಿಕೊಂಡಿದ್ದರು. 2014ರಲ್ಲಿ ಐದನೆಯ ಟ್ಯಾಂಕಿನಿಂದ 27,000 ಗ್ಯಾಲನ್ ಸೋರಿಹೋದಾಗಲೂ ಆ ಯೋಚನೆಗೆ ಮುಹೂರ್ತ ಕೂಡಿಬರಲಿಲ್ಲ.

2021ರ ಮೇ 6ರಂದು ಮತ್ತೆ ಸೋರಿತು. ಸೋರಿದ್ದು 1,600 ಗ್ಯಾಲನ್ ಚಿಲ್ಲರೆ, ಬಹುಪಾಲು ಬಳಿದು ತೆಗೆದಿದ್ದೇವೆ ಎಂದು ನೌಕಾಪಡೆ ಹೇಳಿತು. ನಿಜಕ್ಕೂ ಕಾಣೆಯಾಗಿದ್ದದ್ದು ಸುಮಾರು 20,000 ಗ್ಯಾಲನ್, ಅಂದರೆ ಎಪ್ಪತ್ತೈದು ಸಾವಿರ ಲೀಟರ್, ಆರು ಟ್ಯಾಂಕರ್ ಲಾರಿ ತುಂಬುವಷ್ಟು. ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿ ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಕಾಲದಲ್ಲಿ, ಅಳತೆ ಅರ್ಧ ಬೆರಳು ತಗ್ಗಿದರೂ ಸಾಲಿನಲ್ಲಿ ನಿಂತ ಅಜ್ಜಿಯರು ‘ಮಿಕ್ಕಿದ್ದು ಎಲ್ಲೋಯ್ತಪ್ಪಾ?’ ಎಂದು ಅಲ್ಲೇ ಪಂಚಾಯಿತಿ ಸೇರಿಸುತ್ತಿದ್ದರು. ಅಂಥ ಒಬ್ಬ ಅಜ್ಜಿಯನ್ನು ರೆಡ್ ಹಿಲ್ಲಿನ ಬಾಗಿಲಲ್ಲಿ ಕೂರಿಸಿದ್ದರೂ ಸಾಕಿತ್ತು. ಏಕೆಂದರೆ ಆ ಇಂಧನ ಎಲ್ಲಿಗೂ ಓಡಿಹೋಗಿರಲಿಲ್ಲ. ಬೆಂಕಿ ಆರಿಸುವ ನೊರೆ ಬಳಕೆಯಾದ ಮೇಲೆ ಹರಿದುಹೋಗಲೆಂದು ಹಾಕಿದ್ದ ಪ್ಲಾಸ್ಟಿಕ್ ಕೊಳವೆಯೊಳಗೆ ಆರು ತಿಂಗಳು ತಣ್ಣಗೆ ಮಲಗಿತ್ತು. ಭಾರಕ್ಕೆ ಕೊಳವೆ ಜೋತುಬಿತ್ತು. ನವೆಂಬರ್ 20ರಂದು ಸುರಂಗದೊಳಗಿನ ಟ್ರಾಲಿಯೊಂದು ಅದರ ವಾಲ್ವಿಗೆ ಬಡಿದಾಗ, ಹುಡುಕಲು ಯಾರೂ ಬಾರದ್ದನ್ನು ಕಂಡು ಇಂಧನ ತಾನಾಗಿಯೇ ಹೊರಬಂತು.

ಅದು ಕುಡಿಯುವ ನೀರಿನ ಬಾವಿಗೆ ಸೇರಿದ್ದನ್ನು ಕಂಡುಹಿಡಿದದ್ದು ಉಪಕರಣಗಳಲ್ಲ, ಅಡುಗೆಮನೆಯ ಮೂಗುಗಳು. ನಲ್ಲಿ ತಿರುಗಿಸಿದರೆ ಪೆಟ್ರೋಲ್ ಬಂಕಿನ ವಾಸನೆ ಬರುತ್ತಿದೆ ಎಂದು ಸೈನಿಕರ ಮನೆಯವರು ದೂರತೊಡಗಿದರು. ನೀರು ಅಸುರಕ್ಷಿತವೆನ್ನಲು ಕಾರಣವಿಲ್ಲ, ನಾನೂ ನನ್ನ ಸಿಬ್ಬಂದಿಯೂ ಅದನ್ನೇ ಕುಡಿಯುತ್ತಿದ್ದೇವೆ ಎಂದು ನೆಲೆಯ ಕಮಾಂಡರ್ ಅಭಯವಿತ್ತರು. ಕೆಲವೇ ದಿನಗಳಲ್ಲಿ ಕ್ಷಮೆಯನ್ನೂ ಕೇಳಿದರು. ಆದರೆ ಈ ಅಭಯಕ್ಕೂ ಆ ಕ್ಷಮೆಗೂ ನಡುವಿನ ದಿನಗಳಲ್ಲಿ ತಾಯಂದಿರು ಅದೇ ನೀರಿನಲ್ಲಿ ಕೂಸುಗಳಿಗೆ ಸ್ನಾನ ಮಾಡಿಸಿದ್ದರು. ಆ ನೀರಿನ ಜಾಲವನ್ನು ನಂಬಿದ್ದವರು ಸುಮಾರು 93,000 ಮಂದಿ. ಇಲ್ಲಿ ವ್ಯಂಗ್ಯವಾಡಲು ನನಗೆ ಮನಸ್ಸಿಲ್ಲ. ವಾಸನೆ ಬರುತ್ತಿದೆ ಎಂದವರ ಮಾತನ್ನು ನಂಬಲು ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ.

ಶುದ್ಧೀಕರಣವೂ ಅಷ್ಟೇ ವೈಭವದಿಂದ ನಡೆಯಿತು. ಸಾವಿರಾರು ಕುಟುಂಬಗಳನ್ನು ಹೋಟೆಲುಗಳಿಗೆ ಸಾಗಿಸಿದರು, ಮನೆಮನೆಯ ನಲ್ಲಿಗಳನ್ನು ಹರಿಬಿಟ್ಟು ತೊಳೆದರು, ಕೆಟ್ಟ ಬಾವಿಯ ನೀರನ್ನು ಇದ್ದಿಲಿನ ಶೋಧಕಗಳಲ್ಲಿ ಸೋಸಿ ದಿನಕ್ಕೆ ಲಕ್ಷಗಟ್ಟಲೆ ಗ್ಯಾಲನ್ ಹಳ್ಳಕ್ಕೆ ಬಿಟ್ಟರು. 2023ರಲ್ಲಿ ಶಿಕ್ಷೆಯೂ ಆಯಿತು: ಆಗಲೇ ನಿವೃತ್ತರಾಗಿದ್ದ ಮೂವರು ರಿಯರ್ ಅಡ್ಮಿರಲ್‌ಗಳಿಗೆ ಖಂಡನಾ ಪತ್ರ. ಪಿಂಚಣಿ ತಲುಪುವ ವಿಳಾಸಕ್ಕೇ ಅದೂ ಹೋಗಿರಬೇಕು.

ಅದಕ್ಕೂ ಮುನ್ನ, 2022ರ ನವೆಂಬರಿನಲ್ಲಿ, ಟ್ಯಾಂಕುಗಳನ್ನು ಬರಿದುಮಾಡುವ ಸಿದ್ಧತೆ ನಡೆದಿದ್ದಾಗಲೇ ಸಾವಿರಕ್ಕೂ ಹೆಚ್ಚು ಗ್ಯಾಲನ್ ಬೆಂಕಿ ಆರಿಸುವ ನೊರೆಯ ದ್ರಾವಣವೂ ಚೆಲ್ಲಿಹೋಯಿತು. ಮಣ್ಣಿಗೆ ಸೇರಿದರೆ ಸುಲಭಕ್ಕೆ ನಾಶವಾಗದ ವಿಷವಿರುವ ಆ ದ್ರಾವಣಕ್ಕಾಗಿ ಮತ್ತೆ ನೆಲ ಅಗೆದರು. ಬೆಂಕಿ ಮಾತ್ರ ಎಲ್ಲಿಯೂ ಹತ್ತಿರಲಿಲ್ಲ.