ಗಾರ್ಸಿಯಾನನ್ನು ಕೇಳಬೇಕೆಂದರೆ ಡೆಡ್ ಬಿಟ್ಟು ಹೊರಗೆ ಬನ್ನಿ

ಜೆರ್ರಿ ಗಾರ್ಸಿಯಾ ಎಂದ ಕೂಡಲೇ ಎಲ್ಲರೂ ಗ್ರೇಟ್‌ಫುಲ್ ಡೆಡ್ ಎನ್ನುತ್ತಾರೆ. ತಪ್ಪೇನಿಲ್ಲ. 1965ರಿಂದ 1995ರಲ್ಲಿ ತೀರಿಕೊಳ್ಳುವವರೆಗೂ ಆತ ಆ ಅಮೆರಿಕನ್ ರಾಕ್ ತಂಡದ ಲೀಡ್ ಗಿಟಾರಿಸ್ಟ್ ಆಗಿದ್ದ. ಆದರೆ ಬಿಡುವಿದ್ದಾಗಲೆಲ್ಲ ಬೇರೆಯವರ ಜೊತೆ ಚಿಕ್ಕ ಕ್ಲಬ್ಬುಗಳಲ್ಲಿ ಅವನು ನುಡಿಸಿದ್ದನ್ನು ಕೇಳದವರು ಅವನನ್ನು ಅರ್ಧ ಮಾತ್ರ ಕೇಳಿದ್ದಾರೆ ಎಂಬುದು ನನ್ನ ವಾದ. ಇದನ್ನು ಹೇಳಿದಾಗಲೆಲ್ಲ ಡೆಡ್ ಅಭಿಮಾನಿ ಗೆಳೆಯರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಡೆಡ್ ವೇದಿಕೆಯಲ್ಲಿ ಬಹುಪಾಲು ವರ್ಷ ಇಬ್ಬರು ಡ್ರಮ್ಮರ್‌ಗಳಿದ್ದರು. ತಂಡದ ಫಿಲ್ ಲೆಶ್‌ನ ಬಾಸ್ ಗಿಟಾರ್ ಹೇಳಿದ ಜಾಗದಲ್ಲಿ ಕೂರುವ ಪೈಕಿಯಲ್ಲ. ಆ ಜಾತ್ರೆಯಲ್ಲಿ ದಾರಿ ಮಾಡಿಕೊಂಡು ಹೋಗುವುದೇ ಗಾರ್ಸಿಯಾನ ಕೆಲಸ. ಅದೇ 1973ರ ಜುಲೈ 10 ಮತ್ತು 11ರಂದು ಬರ್ಕ್ಲಿಯ ಕೀಸ್ಟೋನ್ ಕ್ಲಬ್ಬಿನಲ್ಲಿ ಮಾಡಿದ ಧ್ವನಿಮುದ್ರಣ ಕೇಳಿ. ಮರ್ಲ್ ಸಾಂಡರ್ಸ್‌ನ ಆರ್ಗನ್, ಜಾನ್ ಕಾನ್‌ನ ಬಾಸ್, ಬಿಲ್ ವಿಟ್‌ನ ಡ್ರಮ್ಸ್, ಗಾರ್ಸಿಯಾನ ಗಿಟಾರ್, ಮುಖ್ಯವಾಗಿ ಇಷ್ಟೇ. ಹಳೆಯ ಜಾಝ್ ಹಾಡೊಂದನ್ನು ಹದಿನೈದು ನಿಮಿಷ ಮೀರಿ ಎಳೆಯುತ್ತಾರೆ, ಆದರೂ ಎಳೆದಂತೆ ಅನ್ನಿಸುವುದಿಲ್ಲ. ಒಂದು ಸ್ವರ ಬಿಟ್ಟ ಮೇಲೆ ಅದು ಪೂರ್ತಿ ಆರುವವರೆಗೂ ಅವನು ಕಾಯುತ್ತಾನೆ. ಡೆಡ್‌ನಲ್ಲಿ ಅಷ್ಟು ಹೊತ್ತು ಕಾಯಲು ಯಾರು ಬಿಡುತ್ತಿದ್ದರು? ಜಾಝ್ ಹಾಡುಗಳ ಒಳಗಿನ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಓಡಾಟವನ್ನು ಅವನಿಗೆ ಕಲಿಸಿದವನೇ ಸಾಂಡರ್ಸ್. ಕಲಿಯುವವನ ಎಚ್ಚರ ಆ ಎರಡು ರಾತ್ರಿಗಳ ನುಡಿಸಾಣಿಕೆಯಲ್ಲಿ ಕೇಳಿಸುತ್ತದೆ.

ಅದೇ ವರ್ಷ ಕೆಲವು ತಿಂಗಳು ಅವನು ಗಿಟಾರ್ ಜೊತೆಗೆ ಬ್ಯಾಂಜೊವನ್ನೂ ಹಿಡಿದ. ಓಲ್ಡ್ ಅಂಡ್ ಇನ್ ದ ವೇ ಎಂಬ ಬ್ಲೂಗ್ರಾಸ್ ತಂಡ; ಬ್ಲೂಗ್ರಾಸ್ ಎಂದರೆ ಬ್ಯಾಂಜೊ, ಫಿಡಲ್‌ಗಳ ಅಮೆರಿಕದ ಹಳ್ಳಿ ಸಂಗೀತದ ಒಂದು ಬಗೆ. ಅಕ್ಟೋಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊದ ಬೋರ್ಡಿಂಗ್ ಹೌಸ್‌ನಲ್ಲಿ ಅವರ ಕಛೇರಿಯನ್ನು ಮುದ್ರಿಸಿಕೊಂಡವನು ಡೆಡ್‌ನ ಧ್ವನಿ ತಂತ್ರಜ್ಞ ಓವ್ಸ್ಲಿ ಸ್ಟ್ಯಾನ್ಲಿ. (ಎಲ್‌ಎಸ್‌ಡಿ ತಯಾರಿಸಿ ಜೈಲಿಗೆ ಹೋಗಿಬಂದ ಮಹಾಶಯ, ಮೈಕ್ ಎಲ್ಲಿಡಬೇಕೆಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು.) ವ್ಯಾಸರ್ ಕ್ಲೆಮೆಂಟ್ಸ್‌ನ ಫಿಡಲ್ ಮುಂದೆ ಗಾರ್ಸಿಯಾನ ಬ್ಯಾಂಜೊ ಸಾಧಾರಣವೇ. ಅದು ಅವನಿಗೂ ಗೊತ್ತಿದ್ದಂತೆ ನುಡಿಸುತ್ತಾನೆ, ಅದಕ್ಕೇ ನನಗೆ ಇಷ್ಟ.

ಬ್ಲೂಗ್ರಾಸ್ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. 1964ರಲ್ಲಿ, ಇನ್ನೂ ಯಾರೂ ಅಲ್ಲದ ಹುಡುಗನಾಗಿದ್ದಾಗ, ಗೆಳೆಯ ಸ್ಯಾಂಡಿ ರಾತ್‌ಮನ್ ಜೊತೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಅಮೆರಿಕದ ಇನ್ನೊಂದು ತುದಿಗೆ ಕಾರಿನಲ್ಲಿ ಹೋಗಿ, ಅಲ್ಲಿನ ಹಿರಿಯರ ಕಛೇರಿಗಳನ್ನು ಮುದ್ರಿಸಿಕೊಂಡಿದ್ದ. ಮುಂದೆ ತನ್ನ ಸಭಿಕರು ಮೈಕ್ ಹಿಡಿದು ಬಂದಾಗ ಅಟ್ಟಲು ಅವನಿಗೆ ಮನಸ್ಸಾಗದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 1984ರ ಅಕ್ಟೋಬರ್‌ನಿಂದ ಡೆಡ್ ಕಛೇರಿಗಳಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಜಾಗ ಸಿಕ್ಕಿತು. ಮಾರಬೇಡಿ, ಹಂಚಿಕೊಳ್ಳಿ ಎಂಬುದೇ ಅಲ್ಲಿನ ಕಟ್ಟಳೆ.

ಇಷ್ಟು ಉದಾರಿಗಳಾದ ಡೆಡ್‌ನವರು 1972ರ ಯುರೋಪ್ ಪ್ರವಾಸದ ಲೈವ್ ಆಲ್ಬಮ್‌ಗೆ ಸ್ಟುಡಿಯೋದಲ್ಲಿ ಕೂತು ಹಾಡಿಕೆಯನ್ನು ಮತ್ತೆ ಸೇರಿಸಿದ್ದೇಕೋ! ಅಪಸ್ವರ ಹಾಗೇ ಇರಬೇಕಿತ್ತು. ತೇಪೆ ಹಾಕಿದ ಮೇಲೆ ಅದನ್ನು ಲೈವ್ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಭಾರತದ ನಂಟೂ ಇದೆ. ಡೆಡ್‌ನ ಡ್ರಮ್ಮರ್ ಮಿಕಿ ಹಾರ್ಟ್ ಮತ್ತು ಜಾಕಿರ್ ಹುಸೇನ್ ಸೇರಿ ಮಾಡಿದ ಡೀಗಾ ರಿದಮ್ ಬ್ಯಾಂಡ್‌ನ 1976ರ ಆಲ್ಬಮ್‌ನಲ್ಲಿ ಗಾರ್ಸಿಯಾ ಗಿಟಾರ್ ನುಡಿಸಿದ್ದಾನೆ. ಅತಿಥಿಯಂತೆ ಬಂದು ಹೋಗುತ್ತಾನೆ, ಅಷ್ಟೇ.

1986ರಲ್ಲಿ ಮಧುಮೇಹದಿಂದ ಕೋಮಾಕ್ಕೆ ಜಾರಿದವನು ಎದ್ದು ಕೂತಾಗ ಗಿಟಾರ್ ಮರೆತುಹೋಗಿತ್ತು. ಮತ್ತೆ ಮೊದಲಿನಿಂದ ಕಲಿಯಲು ಪಕ್ಕದಲ್ಲಿ ಕೂತವನು ಅದೇ ಸಾಂಡರ್ಸ್. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಜೆರ್ರಿ ಗಾರ್ಸಿಯಾ ಬ್ಯಾಂಡ್ ನುಡಿಸಿದ್ದು ಮರುವರ್ಷ ಆಲ್ಬಮ್ ಆಗಿ ಬಂತು. ಗಂಟಲು ಒಡೆದಿದೆ, ಬೆರಳು ಮಾತ್ರ ನಿಧಾನವಾಗಿ, ತಿಳಿಯಾಗಿ ನಡೆಯುತ್ತದೆ. ಮೆಲ್ವಿನ್ ಸೀಲ್ಸ್‌ನ ಆರ್ಗನ್ ಹಿಂದಿನಿಂದ ಚರ್ಚಿನ ಹಾಡಿನಂತೆ ಏಳುತ್ತದೆ.

2013ರಿಂದ ಗಾರ್ಸಿಯಾಲೈವ್ ಹೆಸರಿನಲ್ಲಿ ಹಳೆಯ ಟೇಪುಗಳು ಒಂದೊಂದಾಗಿ ಹೊರಬರುತ್ತಿವೆ. ಎಲ್ಲವನ್ನೂ ಕೊಳ್ಳುವ ಭಕ್ತರಿದ್ದಾರೆ. ನಾನು ಆ ಸಾಲಿನಲ್ಲಿಲ್ಲ. ಮಾದಕ ವಸ್ತುಗಳ ಚಟ ಅವನ ಕೈಯನ್ನು ಜಡಗೊಳಿಸಿದ ರಾತ್ರಿಗಳೂ ಉಂಟು, ಅವು ಪೆಟ್ಟಿಗೆಯಲ್ಲೇ ಇರಲಿ. ಎಲ್ಲಿಂದ ಆರಂಭಿಸಲಿ ಎಂದು ಕೇಳುವವರಿಗೆ ನನ್ನ ಉತ್ತರ ಕೀಸ್ಟೋನ್. ಡೆಡ್ ಆಮೇಲೆ ನೋಡೋಣ.