ಸತ್ಯಾಂಶ: ಮೋಡ ಬಿತ್ತನೆಯಿಂದ ಬೆಟ್ಟದ ಹಿಮ ಎರಡು ಪಟ್ಟಾಗುತ್ತದೆಯೇ?

ಅಮೆರಿಕದಲ್ಲಿ ಚಳಿಗಾಲದ ಮೋಡ ಬಿತ್ತನೆಯಿಂದ ಬೆಟ್ಟದ ಹಿಮ ಎರಡು ಪಟ್ಟಾಗಿದೆ ಅನ್ನೋ ಫಾರ್ವರ್ಡ್ ಆಗಾಗ ಬರುತ್ತದೆ. ಕಳಿಸುವವರಿಗೆ ನೀರಿನ ಚಿಂತೆ ಇದೆ, ಅದು ನ್ಯಾಯವೇ. ಲೆಕ್ಕ ಮಾತ್ರ ತಪ್ಪು.

ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ ಕೆಲವೊಮ್ಮೆ ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ನೀರಾಗಿಯೇ ಇರುತ್ತದೆ. ಕುಲುಕಿದರೆ ಸರಕ್ಕನೆ ಗಡ್ಡೆ ಕಟ್ಟುತ್ತದೆ, ನೋಡಿದ್ದೀರಲ್ವಾ? ಮೋಡದಲ್ಲೂ ಇಂಥ ಹನಿಗಳಿರುತ್ತವೆ. ಬಿತ್ತನೆ ಅಂದರೆ ಮೋಡಕ್ಕೆ ಸಿಲ್ವರ್ ಅಯೋಡೈಡ್ ಎಂಬ ರಾಸಾಯನಿಕದ ಕಣಗಳನ್ನು ಎರಚುವುದು; ಆ ಕಣಗಳು ಈ ಹನಿಗಳನ್ನು ಹಿಮವಾಗಿಸುತ್ತವೆ. ಹನಿಗಳೇ ಇಲ್ಲದಿದ್ದರೆ ಏನೂ ಆಗದು.

ಹಾಗಂತ ಇದು ಸುಳ್ಳು ವಿದ್ಯೆಯಲ್ಲ. 2017ರ ಜನವರಿ 19ರಂದು ಅಮೆರಿಕದ ಐಡಾಹೊ ರಾಜ್ಯದಲ್ಲಿ ಬಿತ್ತನೆ ವಿಮಾನ ಹೋದ ಅಂಕುಡೊಂಕು ದಾರಿಯಲ್ಲೇ ಹಿಮ ಮೂಡಿದ್ದು ರಾಡಾರ್‌ನಲ್ಲಿ ಕಂಡಿತು. ನನಗೆ ಈಗಲೂ ಅಚ್ಚರಿ ತರುವ ದೃಶ್ಯ ಅದು. ಆದರೆ ಅಂದು ಬಿದ್ದದ್ದು ಸುಮಾರು 0.1 ಮಿಲಿಮೀಟರ್.

ಇಂಥ ಮಾತು ಬಂದಾಗ ಒಂದೇ ಪ್ರಶ್ನೆ ಕೇಳಿ: ಯಾವುದರ ಜೊತೆ ಹೋಲಿಸಿದ್ದಾರೆ? ಹಿಮ ವರ್ಷದಿಂದ ವರ್ಷಕ್ಕೆ ತಾನಾಗಿಯೇ ತುಂಬಾ ಏರಿಳಿಯುತ್ತದೆ. ಹೋದ ವರ್ಷಕ್ಕಿಂತ ಜಾಸ್ತಿ ಅಂದರೆ ಸಾಲದು. ಅಮೆರಿಕದ ವ್ಯೋಮಿಂಗ್ ರಾಜ್ಯದಲ್ಲಿ 2008ರಿಂದ 2014ರವರೆಗೆ ನಡೆದ ಪ್ರಯೋಗಕ್ಕೆ ಸಂಶೋಧಕರು ಅಕ್ಕಪಕ್ಕದ ಎರಡು ಪರ್ವತಸಾಲು ಆರಿಸಿಕೊಂಡರು. ಪ್ರತಿ ಸಲ ಎಲ್ಲಿ ಬಿತ್ತಬೇಕೆಂದು ಚೀಟಿ ಎತ್ತಿದಂತೆ ತೀರ್ಮಾನಿಸಿದರು. ಮುಖ್ಯ ಲೆಕ್ಕದಲ್ಲಿ ಸಿಕ್ಕಿದ ಹೆಚ್ಚಳ ಶೇ. 3ರಷ್ಟು. ಅದೂ ಸುಮ್ನೆ ಕಾಕತಾಳೀಯವಾಗಿ ಬಂದಿರಬಹುದಾದಷ್ಟು ಚಿಕ್ಕದು. ಬೇರೆ ಲೆಕ್ಕಗಳನ್ನೂ ಸೇರಿಸಿದಾಗ ಅಂದಾಜು ಶೇ. 5ರಿಂದ 15. ಅದೂ ಬಿತ್ತನೆಗೆ ಒಗ್ಗುವ ಹಿಮಬಿರುಗಾಳಿಗಳಲ್ಲಿ ಮಾತ್ರ, ಇಡೀ ಚಳಿಗಾಲಕ್ಕಲ್ಲ.